ಶಬೋ ಕೆರೆಯಲ್ಲಿ ಚಳಿಗಾಲದ ಟ್ರೌಟ್: ಎರಡು ದಿನದ ಗಾಳಕ್ಕೆ ಬೇಕಾದ ತಯಾರಿ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದ ಊರುಗಳಲ್ಲಿ ನವೆಂಬರಿನ ಮಳೆ ಹಿಡಿಯಿತೆಂದರೆ ಕನ್ನಡ ಕುಟುಂಬಗಳ ವಾರಾಂತ್ಯ ಮನೆಯೊಳಗೇ ಕಳೆದುಹೋಗುತ್ತದೆ. ಬೇಸಿಗೆಯಲ್ಲಿ ಮಿಷನ್ ಪೀಕ್ ಬೆಟ್ಟ ಹತ್ತಿದ ಬೂಟುಗಳು ಗ್ಯಾರೇಜು ಸೇರುತ್ತವೆ. ಮಕ್ಕಳ ಕೈಗೆ ಟ್ಯಾಬ್ಲೆಟ್ ಬರುತ್ತದೆ. ಅದೇ ಹೊತ್ತಿಗೆ ಕ್ಯಾಸ್ಟ್ರೊ ವ್ಯಾಲಿಯ ಲೇಕ್ ಶಬೋಗೆ ಟ್ಯಾಂಕರ್ ಲಾರಿಗಳು ಬರತೊಡಗುತ್ತವೆ. ಅವುಗಳ ತೊಟ್ಟಿಯಲ್ಲಿರುವುದು ಜೀವಂತ ರೇನ್‌ಬೋ ಟ್ರೌಟ್. ಸಾಕಣೆ ಕೇಂದ್ರದಲ್ಲಿ ಬೆಳೆದ ಈ ಮೀನುಗಳನ್ನು ಚಳಿಗಾಲವಿಡೀ ಕಂತು ಕಂತಾಗಿ ಕೆರೆಗೆ ಬಿಡುತ್ತಾರೆ. ದಡದಲ್ಲಿ ನಿಂತು ಗಾಳ ಹಾಕುವ ಯಾರಿಗಾದರೂ ಅವು ಸಿಗಬಹುದು.

ಫ್ರೀಮಾಂಟ್, ಡಬ್ಲಿನ್, ಪ್ಲೆಸೆಂಟನ್ ಕಡೆಯಿಂದ ಅರ್ಧ ಗಂಟೆಯ ಹಾದಿ. ದುಬಾರಿ ಸಾಮಾನು ಬೇಡ, ದೋಣಿ ಬೇಡ, ಹಿಂದಿನ ಅನುಭವವೂ ಬೇಡ. ಬೇಕಾದದ್ದು ಒಂದು ಲೈಸೆನ್ಸು, ಒಂದು ಹಗುರ ಕಡ್ಡಿ, ಬೆಚ್ಚನೆಯ ಬಟ್ಟೆ ಮತ್ತು ಈ ಮೀನು ಹೇಗೆ ಬದುಕುತ್ತದೆ ಎಂಬ ತಿಳಿವಳಿಕೆ. ಕೊನೆಯದೊಂದು ಇದ್ದರೆ ಉಳಿದದ್ದೆಲ್ಲ ಸುಲಭ.

ಚಳಿಯಲ್ಲೇ ಏಕೆ?

ಟ್ರೌಟ್ ತಣ್ಣೀರಿನ ಮೀನು. ನೀರಿನ ಉಷ್ಣತೆ 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದು ಚುರುಕಾಗಿ ಓಡಾಡುತ್ತದೆ, ಹಸಿವಿನಿಂದ ತಿನ್ನುತ್ತದೆ. 21 ಡಿಗ್ರಿ ದಾಟಿದರೆ ತಿನ್ನುವುದನ್ನು ಬಿಟ್ಟು ಉಸಿರಿಗಾಗಿ ಒದ್ದಾಡುತ್ತದೆ. ತಣ್ಣೀರು ಹೆಚ್ಚು ಆಮ್ಲಜನಕ ಹಿಡಿದುಕೊಳ್ಳುವುದೇ ಇದರ ಹಿಂದಿನ ಲೆಕ್ಕ. 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 25 ಡಿಗ್ರಿಗೆ ಅದು 8ರ ಆಸುಪಾಸಿಗೆ ಇಳಿಯುತ್ತದೆ.

ಕೊಲ್ಲಿ ಪ್ರದೇಶದ ತಗ್ಗಿನ ಕೆರೆಗಳು ಬೇಸಿಗೆಯಲ್ಲಿ ಈ ಮೀನಿಗೆ ಹೇಳಿಸಿದವಲ್ಲ. ಅದಕ್ಕೇ ಇಲ್ಲಿನ ಉದ್ಯಾನ ಸಂಸ್ಥೆಗಳು ವರ್ಷವನ್ನು ಎರಡು ಪಾಲು ಮಾಡಿಕೊಂಡಿವೆ. ಬೇಸಿಗೆಯಲ್ಲಿ ಕ್ಯಾಟ್‌ಫಿಶ್, ನವೆಂಬರಿನಿಂದ ವಸಂತದವರೆಗೆ ಟ್ರೌಟ್. ಬೇಸಿಗೆಯ ಕೆರೆಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು ಎಂದು ಪದರ ಕಟ್ಟಿಕೊಂಡಿದ್ದ ನೀರು ಚಳಿಗಾಲದಲ್ಲಿ ಮೇಲಿಂದ ತಳದವರೆಗೆ ಬೆರೆತು ಒಂದೇ ಹದಕ್ಕೆ ಬರುತ್ತದೆ. ಮೀನು ಆಳಕ್ಕೆ ಇಳಿದು ಕೂರಬೇಕಾಗಿಲ್ಲ, ದಡದ ಹತ್ತಿರವೇ ಸುತ್ತಾಡುತ್ತದೆ. ದೋಣಿಯಿಲ್ಲದ ಹೊಸಬರಿಗೆ ಡಿಸೆಂಬರ್, ಜನವರಿ, ಫೆಬ್ರವರಿಯೇ ಒಳ್ಳೆಯ ಕಾಲವಾಗುವುದು ಇದರಿಂದ.

ಈ ಹೊಳೆಯದೇ ಮೀನು

ಲೇಕ್ ಶಬೋ ಸ್ವಾಭಾವಿಕ ಸರೋವರವಲ್ಲ. ನಮ್ಮ ಕೆರೆಗಳ ಹಾಗೆ ಏರಿ ಹಾಕಿ ನೀರು ನಿಲ್ಲಿಸಿದ್ದು. 1870ರ ದಶಕದಲ್ಲಿ ಆಂಟನಿ ಶಬೋ ಎಂಬ ನೀರು ಸರಬರಾಜಿನ ಉದ್ಯಮಿ ಓಕ್‌ಲ್ಯಾಂಡ್ ಸೀಮೆಗೆ ಕುಡಿಯುವ ನೀರು ಕೊಡಲೆಂದು ಸ್ಯಾನ್ ಲಿಯಾಂಡ್ರೊ ಹೊಳೆಗೆ ಮಣ್ಣಿನ ಅಣೆಕಟ್ಟು ಕಟ್ಟಿಸಿದ. ಮಣ್ಣು ಹೊತ್ತವರು ಚೀನಾದಿಂದ ಬಂದ ಕೂಲಿಕಾರರು. ಹಾಕಿದ ಮಣ್ಣು ಗಟ್ಟಿಯಾಗಲೆಂದು ಕಾಡುಕುದುರೆಗಳ ಹಿಂಡನ್ನು ಅದರ ಮೇಲೆ ಹಿಂದೆ ಮುಂದೆ ಓಡಿಸಿ ತುಳಿಸಿದರು. ಸುಮಾರು 315 ಎಕರೆಯ ಈ ಕೆರೆ ಸಾರ್ವಜನಿಕರ ವಿಹಾರಕ್ಕೆ ತೆರೆದದ್ದು 1960ರ ದಶಕದಲ್ಲಿ. ಇಂದಿಗೂ ಇದು ತುರ್ತು ಕಾಲದ ಕುಡಿಯುವ ನೀರಿನ ಸಂಗ್ರಹ. ಹಾಗಾಗಿ ಇಲ್ಲಿ ಈಜುವಂತಿಲ್ಲ, ಕಾಲಿಳಿಸಿ ನೀರಿಗೆ ಇಳಿಯುವಂತೆಯೂ ಇಲ್ಲ.

ಅಣೆಕಟ್ಟು ಏಳುವ ಮೊದಲು, 1855ರಲ್ಲಿ, ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ವಿಲಿಯಂ ಗಿಬ್ಬನ್ಸ್ ಇದೇ ಸ್ಯಾನ್ ಲಿಯಾಂಡ್ರೊ ಹೊಳೆಯ ಮೀನನ್ನು ಪರಿಶೀಲಿಸಿ, ಮೈಮೇಲಿನ ಕಾಮನಬಿಲ್ಲಿನ ಬಣ್ಣ ಕಂಡು ಅದಕ್ಕೆ ವೈಜ್ಞಾನಿಕ ಹೆಸರಿಟ್ಟರು. ರೇನ್‌ಬೋ ಎಂಬ ಹೆಸರು ಈ ಮೀನಿಗೆ ಅಂಟಿಕೊಂಡದ್ದು ಹೀಗೆ. ರಷ್ಯಾದ ಕಮ್ಚಾಟ್ಕಾದಲ್ಲಿ ಅದಕ್ಕೂ ಮೊದಲೇ ಹೆಸರು ಪಡೆದಿದ್ದ ಮೀನೂ ಇದೂ ಒಂದೇ ಎಂದು ಆಮೇಲೆ ತಿಳಿಯಿತು. ಇಂದಿನ ವೈಜ್ಞಾನಿಕ ಹೆಸರು ಆಂಕೊರಿಂಕಸ್ ಮೈಕಿಸ್. ಮೂಲ ಹೊಳೆಯ ಮೀನಿನ ಸಂತತಿ ಓಕ್‌ಲ್ಯಾಂಡಿನ ರೆಡ್‌ವುಡ್ ಉದ್ಯಾನದ ತೊರೆಯಲ್ಲಿ ಈಗಲೂ ಉಳಿದಿದೆ. ಅಲ್ಲಿ ಗಾಳ ಹಾಕುವುದು ನಿಷಿದ್ಧ. ನಾವು ಹಿಡಿಯುವುದು ಲಾರಿಯಲ್ಲಿ ಬಂದ ಸಾಕುಮೀನನ್ನು ಮಾತ್ರ. ಕಾಡುಮೀನಿನ ತಳಿ ಬೆರಕೆಯಾಗದಿರಲೆಂದು ಸಂತಾನಶಕ್ತಿ ಇಲ್ಲದ ಸಾಕುಮೀನನ್ನು ಬಿಡುವ ಪದ್ಧತಿಯೂ ಕ್ಯಾಲಿಫೋರ್ನಿಯಾದಲ್ಲಿದೆ.

ಇದೇ ಜಾತಿಯ ಮೀನು ನಮ್ಮ ನೆರೆಯ ನೀಲಗಿರಿಗೂ ಹೋಗಿದೆ. ಊಟಿಯಾಚೆಯ ಅವಲಾಂಚಿಯಲ್ಲಿ ಎಚ್.ಸಿ. ವಿಲ್ಸನ್ 1907ರಲ್ಲಿ ಟ್ರೌಟ್ ಮರಿ ಕೇಂದ್ರ ಶುರುಮಾಡಿದರು. ಭಾರತದ ಗಾಳಗಾರಿಕೆಗೆ ಕನ್ನಡ ನೆಲದ ನಂಟು ಇನ್ನೂ ಹಳೆಯದು. ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್. ಇನ್ನು ಪೂರ್ಣಚಂದ್ರ ತೇಜಸ್ವಿಯವರನ್ನು ಓದಿ ಬೆಳೆದವರಿಗೆ ಗಾಳದ ಹುಚ್ಚಿನ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ.

ಮೊದಲು ಕಾಗದಪತ್ರ

ಊರಿನಿಂದ ಬಂದ ತಂದೆಯನ್ನು ಕೆರೆಗೆ ಕರೆದೊಯ್ದರೆ ಬರುವ ಮೊದಲ ಪ್ರಶ್ನೆ: “ಕೆರೇಲಿ ಒಂದು ಮೀನು ಹಿಡಿಯೋಕೂ ಸರ್ಕಾರದ ಚೀಟಿ ಬೇಕೇನಪ್ಪ?” ಹೌದು, ಬೇಕು. ಒಂದಲ್ಲ, ಎರಡು.

ಮೊದಲನೆಯದು ಕ್ಯಾಲಿಫೋರ್ನಿಯಾ ಮೀನು ಮತ್ತು ವನ್ಯಜೀವಿ ಇಲಾಖೆಯ ಲೈಸೆನ್ಸು. 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಇದು ಕಡ್ಡಾಯ. ವರ್ಷದ ಲೈಸೆನ್ಸಿಗೆ 60 ಡಾಲರಿಗಿಂತ ತುಸು ಹೆಚ್ಚಾಗುತ್ತದೆ. 2023ರಿಂದ ಇದು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಮೊದಲಿನಂತೆ ಡಿಸೆಂಬರ್ 31ಕ್ಕೆ ಮುಗಿದುಹೋಗುವುದಿಲ್ಲ, ಆದ್ದರಿಂದ ಚಳಿಗಾಲದ ನಡುವೆ ಕೊಂಡರೂ ನಷ್ಟವಿಲ್ಲ. ಒಂದು ದಿನದ ಲೈಸೆನ್ಸು 20 ಡಾಲರಿನ ಆಸುಪಾಸು. ಇದು ರಾಜ್ಯದ ನಿವಾಸಿಗೂ ಹೊರಗಿನವರಿಗೂ ಒಂದೇ ದರ. ಊರಿನಿಂದ ಬಂದ ಅಪ್ಪ, ಮಾವ, ಚಿಕ್ಕಪ್ಪಂದಿರಿಗೆ ಇದೇ ಸರಿಯಾದ ಆಯ್ಕೆ. ರಾಜ್ಯಕ್ಕೆ ಬಂದು ಸತತ ಆರು ತಿಂಗಳು ಆಗದವರನ್ನು ನಿವಾಸಿ ಎಂದು ಲೆಕ್ಕಿಸುವುದಿಲ್ಲ. ಹೊರಗಿನವರ ವಾರ್ಷಿಕ ಲೈಸೆನ್ಸು 160 ಡಾಲರ್ ದಾಟುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರು ಸದ್ಯಕ್ಕೆ ದಿನದ ಲೈಸೆನ್ಸಿನಲ್ಲೇ ಸುಧಾರಿಸಿಕೊಳ್ಳುವುದು ಜಾಣತನ.

ಎರಡನೆಯದು ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಸಂಸ್ಥೆಯ ದಿನದ ಪರ್ಮಿಟ್. ಇದಕ್ಕೆ ಸುಮಾರು 5 ಡಾಲರ್. ಇದೂ 16 ತುಂಬಿದವರಿಗೆ. ಕೆರೆಗೆ ಮೀನು ಬಿಡುವ ಖರ್ಚಿಗೆ ಈ ಹಣ ಹೋಗುತ್ತದೆ. ಕೆರೆಯ ದೋಣಿಮನೆಯ ಬಳಿ ಕೊಳ್ಳಬಹುದು. ಕಾರು ನಿಲ್ಲಿಸುವ ಶುಲ್ಕ ಬೇರೆ. ದರಗಳು ವರ್ಷ ವರ್ಷ ಬದಲಾಗುವುದರಿಂದ ಹೊರಡುವ ಮುನ್ನ ಸಂಸ್ಥೆಯ ಜಾಲತಾಣ ನೋಡಿಕೊಳ್ಳಿ. ಮೀನು ಯಾವ ವಾರ ಬಿಡುತ್ತಾರೆಂಬ ಸುದ್ದಿಯೂ ಅಲ್ಲೇ ಸಿಗುತ್ತದೆ.

ನಿಯಮಗಳಲ್ಲಿ ಮರೆಯಬಾರದ್ದು ಕೆಲವು. ಒಬ್ಬರಿಗೆ ದಿನಕ್ಕೆ 5 ಟ್ರೌಟ್, ಫ್ರಿಜ್‌ನಲ್ಲಿರುವುದೂ ಸೇರಿ ಒಟ್ಟು 10. ಒಬ್ಬರಿಗೆ ಒಂದೇ ಕಡ್ಡಿ. ಎರಡನೇ ಕಡ್ಡಿ ಬೇಕಾದರೆ ಬೇರೆ ಶುಲ್ಕ ಕಟ್ಟಿ ಅನುಮತಿ ಪಡೆಯಬೇಕು. ಮಕ್ಕಳಿಗೆ ಲೈಸೆನ್ಸು ಬೇಡವೆಂದು ಮಗುವಿನ ಕೈಗೊಂದು ಕಡ್ಡಿ ಕೊಟ್ಟು ಅಪ್ಪನೇ ಎರಡರಲ್ಲೂ ಹಿಡಿಯುವಂತಿಲ್ಲ. ಮೀನು ಸೇರಲೆಂದು ನೀರಿಗೆ ಅನ್ನ, ಜೋಳ, ಬ್ರೆಡ್ಡು ಎರಚುವುದು ನಮ್ಮ ಊರುಗಳಲ್ಲಿ ರೂಢಿ. ಇಲ್ಲಿ ಅದು ಅಪರಾಧ. ಹಿಡಿದ ಮೀನನ್ನು ಜೀವಂತವಾಗಿ ಬಕೆಟ್ಟಿನಲ್ಲಿ ಮನೆಗೆ ಒಯ್ಯುವುದೂ ನಿಷಿದ್ಧ. ವಾರ್ಡನ್‌ಗಳು ಹೇಳದೆ ಕೇಳದೆ ಬಂದು ಡಬ್ಬಿ ತೆರೆಸಿ ನೋಡುತ್ತಾರೆ. ತಪ್ಪಿದ್ದರೆ ದಂಡ ನೂರಾರು ಡಾಲರ್.

ಕಡ್ಡಿ, ದಾರ, ಕೊಕ್ಕೆ

ಹೊಸಬರು ಅಂಗಡಿಗೆ ಹೋದಾಗ ದಪ್ಪ ಕಡ್ಡಿ, ದಪ್ಪ ದಾರ, ದೊಡ್ಡ ಕೊಕ್ಕೆಗೇ ಕೈ ಹಾಕುತ್ತಾರೆ. ದೊಡ್ಡ ಮೀನು ಬಂದರೆ ತುಂಡಾಗದಿರಲಿ ಎಂಬ ಆಸೆ. ಟ್ರೌಟ್ ವಿಷಯದಲ್ಲಿ ಈ ಆಸೆಯೇ ಕೈಕೊಡುತ್ತದೆ. ಚಳಿಗಾಲದ ತಿಳಿನೀರಿನಲ್ಲಿ ದಪ್ಪ ದಾರ ಮೀನಿನ ಕಣ್ಣಿಗೆ ಬೀಳುತ್ತದೆ. ಇಲ್ಲಿ ಎಲ್ಲವೂ ಸಣ್ಣದಿರಬೇಕು.

ಆರರಿಂದ ಏಳು ಅಡಿಯ ಹಗುರ ಸ್ಪಿನ್ನಿಂಗ್ ಕಡ್ಡಿ, ಅದಕ್ಕೆ ಹೊಂದುವ ಪುಟ್ಟ ರೀಲು, 4 ಪೌಂಡು ಅಥವಾ ಹೆಚ್ಚೆಂದರೆ 6 ಪೌಂಡಿನ ನೈಲಾನ್ ದಾರ. ಕಡ್ಡಿ, ರೀಲು ಎರಡೂ ಸೇರಿದ ಸಿದ್ಧ ಜೋಡಿಗಳು ಯಾವುದೇ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತವೆ. ಮೊದಲ ವರ್ಷಕ್ಕೆ ಅಗ್ಗದ್ದೇ ಸಾಕು. ಕೊಕ್ಕೆಯ ಅಂಕಿ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು ಎಂಬುದು ನೆನಪಿರಲಿ. ಹಿಟ್ಟಿನ ಎರೆಗೆ 16 ಅಥವಾ 18ನೇ ನಂಬರಿನ ಮೂರು ಮುಳ್ಳಿನ ಕೊಕ್ಕೆ, ಎರೆಹುಳುವಿಗೆ 8 ಅಥವಾ 10ನೇ ನಂಬರಿನ ಒಂಟಿ ಕೊಕ್ಕೆ. ಇವುಗಳ ಜೊತೆಗೆ ನಡುವೆ ತೂತಿರುವ ಸೀಸದ ಗುಂಡು (ಕಾಲು ಔನ್ಸಿನದು, ಅಂದರೆ ಸುಮಾರು 7 ಗ್ರಾಂ), ಪುಟ್ಟ ಸ್ವಿವೆಲ್‌ಗಳು (ಎರಡು ಬಳೆಗಳ ತಿರುಗುಕೊಂಡಿ), ಒಂದು ಬೆಂಡು, ಕೈಬಲೆ, ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ, ದಾರ ಕತ್ತರಿಸಲು ನೈಲ್ ಕಟರ್.

ಎರೆಗಳ ವಿಷಯಕ್ಕೆ ಬಂದರೆ ಇಲ್ಲಿನ ಕೆರೆಗಳ ರಾಜ ಪವರ್‌ಬೇಟ್. ಪುಟ್ಟ ಶೀಶೆಯಲ್ಲಿ ಬರುವ, ಘಾಟು ವಾಸನೆಯ, ಕಣ್ಣು ಕುಕ್ಕುವ ಬಣ್ಣದ ಹಿಟ್ಟು. ಮುಟ್ಟಿದರೆ ಚಪಾತಿಗೆ ಕಲಸಿದ ಕಣಕದ ಹದ. ಇದರ ಗುಣವೆಂದರೆ ನೀರಿನಲ್ಲಿ ತೇಲುವುದು. ಸಾಕಣೆ ಕೇಂದ್ರದಲ್ಲಿ ಕಾಳಿನಂಥ ಮೇವು ತಿಂದು ಬೆಳೆದ ಮೀನು ಈ ವಾಸನೆಗೆ ಬೇಗ ಸೋಲುತ್ತದೆ. ಹಳದಿ, ಹಸಿರು, ಬಿಳಿ ಹೀಗೆ ಎರಡು ಮೂರು ಬಣ್ಣ ಇಟ್ಟುಕೊಳ್ಳಿ. ಒಂದು ಬಣ್ಣಕ್ಕೆ ಮೀನು ಮುಖ ತಿರುಗಿಸಿದರೆ ಇನ್ನೊಂದಕ್ಕೆ ಬರುತ್ತದೆ. ಎರೆಹುಳು ಎಲ್ಲ ಕಾಲಕ್ಕೂ ನಡೆಯುತ್ತದೆ. ಒಂದೇ ಕಡೆ ಕೂರಲಾರದವರಿಗೆ ಕ್ಯಾಸ್ಟ್‌ಮಾಸ್ಟರ್‌ನಂಥ ಲೋಹದ ಮಿಂಚುತಗಡು ಅಥವಾ ಪುಟ್ಟ ಸ್ಪಿನ್ನರ್ ಒಳ್ಳೆಯದು. ಎಸೆಯುವುದು, ನಿಧಾನವಾಗಿ ಸುತ್ತುವುದು, ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಎಸೆಯುವುದು.

ಗಾಳ ಕಟ್ಟುವ ಕ್ರಮ

ಕೆರೆಯ ದಡದಲ್ಲಿ ಹೆಚ್ಚಿನವರು ಕಟ್ಟುವುದು ಒಂದೇ ಬಗೆಯ ಗಾಳ. ಅದನ್ನು ಮನೆಯಲ್ಲೇ, ಬೆಚ್ಚಗೆ ಕೂತು, ಊಟದ ಮೇಜಿನ ಮೇಲೆ ಅಭ್ಯಾಸ ಮಾಡಿಕೊಳ್ಳಿ. ಬೆಳಗಿನ ಜಾವದ ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಹೊಸ ಗಂಟು ಕಲಿಯಲಾಗದು.

ರೀಲಿನಿಂದ ಬಂದ ದಾರವನ್ನು ಮೊದಲು ಸೀಸದ ಗುಂಡಿನ ತೂತಿನಲ್ಲಿ ತೂರಿಸಿ. ಆಮೇಲೆ ತುದಿಗೆ ಸ್ವಿವೆಲ್ ಕಟ್ಟಿ. ಗುಂಡು ದಾರದ ಮೇಲೆ ಹಿಂದಕ್ಕೆ ಸರಾಗವಾಗಿ ಜಾರಬೇಕು, ಮುಂದಕ್ಕೆ ಸ್ವಿವೆಲ್ ತಡೆಯಬೇಕು. ಸ್ವಿವೆಲ್ಲಿನ ಇನ್ನೊಂದು ಬಳೆಗೆ ಒಂದೂವರೆಯಿಂದ ಎರಡು ಅಡಿ ಉದ್ದದ ತೆಳು ದಾರ, ಅದರ ತುದಿಗೆ ಕೊಕ್ಕೆ. ಗಂಟು ಹಾಕುವುದು ಹೀಗೆ: ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ದಾರದ ಸುತ್ತಲೇ ಐದು ಸುತ್ತು ಹೊಸೆಯಿರಿ. ತುದಿಯನ್ನು ಹಿಂದೆ ತಂದು ಕಣ್ಣಿನ ಪಕ್ಕದ ಸಣ್ಣ ಕುಣಿಕೆಯಲ್ಲಿ ನುಗ್ಗಿಸಿ. ಹಾಗೆ ಮಾಡಿದಾಗ ಹುಟ್ಟುವ ದೊಡ್ಡ ಕುಣಿಕೆಯಲ್ಲೂ ಒಮ್ಮೆ ನುಗ್ಗಿಸಿ. ಬಾಯಿಯ ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಒಣ ದಾರವನ್ನು ಎಳೆದು ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ.

ಈಗ ಹಿಟ್ಟನ್ನು ಬಟಾಣಿಗಿಂತ ತುಸು ದೊಡ್ಡದಾಗಿ ಉಂಡೆ ಮಾಡಿ, ಮೂರೂ ಮುಳ್ಳು ಮುಚ್ಚುವಂತೆ ಕೊಕ್ಕೆಗೆ ಮೆತ್ತಿ. ಎಸೆಯುವ ಮೊದಲು ಕಾಲಬುಡದ ನೀರಿಗೆ ಬಿಟ್ಟು ನೋಡಿ. ಉಂಡೆ ಕೊಕ್ಕೆಯನ್ನು ಎತ್ತಿಕೊಂಡು ತೇಲಬೇಕು. ಮುಳುಗಿದರೆ ಹಿಟ್ಟು ಸಾಲದು, ಇಲ್ಲವೇ ಕೊಕ್ಕೆ ದೊಡ್ಡದಾಯಿತು. ತೇಲಲೇಬೇಕೆನ್ನುವುದಕ್ಕೆ ಕಾರಣವಿದೆ. ಗುಂಡು ತಳದಲ್ಲಿ ಕೂತಾಗ ಎರೆ ಅದರಿಂದ ಒಂದೂವರೆ ಎರಡು ಅಡಿ ಮೇಲೆ, ಪಾಚಿ ಗಿಡಗಳಿಗಿಂತ ಎತ್ತರದಲ್ಲಿ, ಮೀನು ಓಡಾಡುವ ಮಟ್ಟದಲ್ಲಿ ನಿಲ್ಲುತ್ತದೆ. ಪಕ್ಕದವರಿಗೆ ಮೀನು ಬಂದು ನಿಮಗೆ ಬರದಿದ್ದರೆ ಎರೆ ಬದಲಿಸುವ ಮೊದಲು ಈ ತೆಳು ದಾರದ ಉದ್ದ ಬದಲಿಸಿ. ಅರ್ಧ ಅಡಿ ಹೆಚ್ಚು ಕಡಿಮೆ ಮಾಡಿದರೂ ಫಲ ಬೇರೆಯಾಗುತ್ತದೆ.

ಎಲ್ಲಿ, ಯಾವಾಗ

ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7.20ರ ಸುಮಾರಿಗೆ, ಮುಳುಗುವುದು ಸಂಜೆ 5ಕ್ಕೂ ಮುಂಚೆ. ಗೇಟು ತೆರೆಯುವ ವೇಳೆಗೆ ಅಲ್ಲಿದ್ದರೆ ದಿನದ ಒಳ್ಳೆಯ ಎರಡು ಗಂಟೆ ನಿಮ್ಮದಾಗುತ್ತದೆ. ಮಧ್ಯಾಹ್ನ ತುಸು ಮಂಕು. ಸಂಜೆ ನಾಲ್ಕರ ಹೊತ್ತಿಗೆ ಮತ್ತೆ ಚುರುಕು. ಮೋಡ ಕವಿದ, ಸಣ್ಣಗೆ ಗಾಳಿ ಬೀಸುವ ದಿನ ಬಿಸಿಲಿನ ದಿನಕ್ಕಿಂತ ಲೇಸು. ನೀರಿನ ಮೈ ಕದಡಿದಾಗ ಮೀನಿಗೆ ದಡದ ಮೇಲಿನ ನಮ್ಮ ನೆರಳು ಕಾಣದು. ಜೋರು ಮಳೆ ಬಂದ ಮಾರನೇ ದಿನ ಮಾತ್ರ ಹೊಳೆ ಸೇರುವ ಮೂಲೆಯಲ್ಲಿ ನೀರು ಕೆಂಪಾಗಿರುತ್ತದೆ. ಅಂಥಲ್ಲಿ ಕೂರದೆ ತಿಳಿನೀರು ಹುಡುಕಿ.

ಲಾರಿಯಿಂದ ಬಿಟ್ಟ ಮೀನು ಮೊದಲ ಒಂದೆರಡು ದಿನ ಬಿಟ್ಟ ಜಾಗದ ಸುತ್ತಲೇ ಗುಂಪುಗುಂಪಾಗಿ, ಮೇಲ್ನೀರಿನಲ್ಲಿ ಸುತ್ತುತ್ತದೆ. ಆಗ ದೋಣಿಮನೆಯ ಆಸುಪಾಸಿನ ದಡವೇ ಸಾಕು. ಬೆಂಡು ಕಟ್ಟಿ ಮೂರು ನಾಲ್ಕು ಅಡಿ ಆಳಕ್ಕೆ ಎರೆ ಇಳಿಬಿಟ್ಟರೂ ಕಚ್ಚುತ್ತದೆ. ಆಮೇಲೆ ಗುಂಪು ಒಡೆದು ಕೆರೆಯುದ್ದಕ್ಕೂ ಹರಡುತ್ತದೆ. ಆಗ ಕಾಲಿಗೆ ಕೆಲಸ. ದೋಣಿಮನೆಯಿರುವ ಮರೀನಾದ ಎರಡೂ ಕಡೆ ದಡದುದ್ದಕ್ಕೂ ಟಾರು ಹಾಕಿದ ಕಾಲುದಾರಿ ಇದೆ. ಮಗುವಿನ ಗಾಡಿ ತಳ್ಳಿಕೊಂಡು ಹೋಗುವಷ್ಟು ಸಲೀಸು. ಆಲ್ಡರ್ ಪಾಯಿಂಟ್, ವಾಸ್ಕೊ, ರಕೂನ್ ಪಾಯಿಂಟ್, ಕೂಟ್ ಲ್ಯಾಂಡಿಂಗ್ ಎಂಬ ಹೆಸರುಗಳು ಇಲ್ಲಿನ ಮೀನು ಸುದ್ದಿಯಲ್ಲಿ ಮೇಲಿಂದ ಮೇಲೆ ಕೇಳಿಬರುತ್ತವೆ. ನೀರಿನೊಳಕ್ಕೆ ಚಾಚಿದ ಮೂಲೆಗಳು, ಅವುಗಳ ಪಕ್ಕದ ಕೊರಕಲುಗಳು ಇವು. ಸುತ್ತಾಡುವ ಮೀನು ಇಂಥ ಮೂಲೆಗಳನ್ನು ಬಳಸಿಕೊಂಡೇ ಹೋಗಬೇಕು. ಅರ್ಧ ಗಂಟೆ ಕಾದರೂ ಒಂದೂ ಅಲುಗದಿದ್ದರೆ ಜಾಗ ಬದಲಿಸಿ.

ಬೇರೆಯವರು ಗಾಳ ಹಾಕಿರುವ ಪಕ್ಕದಲ್ಲೇ ಹೋಗಿ ನಿಲ್ಲಬೇಡಿ. ಕೇಳಿದರೆ ಇಲ್ಲಿನ ಹಳಬರು ಮನಸ್ಸು ಬಿಚ್ಚಿ ಹೇಳುತ್ತಾರೆ. ಯಾವ ಬಣ್ಣದ ಹಿಟ್ಟಿಗೆ ಬರುತ್ತಿದೆ ಎಂಬ ಒಂದು ಪ್ರಶ್ನೆ ಸಾಕು, ಮಾತು ತಾನಾಗಿ ಬೆಳೆಯುತ್ತದೆ.

ಕಚ್ಚಿದಾಗ ಏನು ಮಾಡಬೇಕು

ಗಾಳ ಎಸೆದ ಮೇಲೆ ಗುಂಡು ತಳ ಮುಟ್ಟುವವರೆಗೆ ಬಿಡಿ. ದಾರದ ಸಡಿಲವನ್ನು ತುಸು ಸುತ್ತಿಕೊಂಡು ಕಡ್ಡಿಯನ್ನು ಕವೆಗೋಲಿಗೆ ಒರಗಿಸಿ. ಇನ್ನು ಕಣ್ಣು ಕಡ್ಡಿಯ ತುದಿಯ ಮೇಲೆ. ಮೊದಲು ತುದಿ ಒಂದೆರಡು ಬಾರಿ ಸಣ್ಣಗೆ ತಲೆಯಾಡಿಸುತ್ತದೆ. ಮೀನು ಎರೆಯ ರುಚಿ ನೋಡುತ್ತಿದೆ. ಹೊಸಬರು ಜಗ್ಗಿ ಮೀನು ಕಳೆದುಕೊಳ್ಳುವುದು ಇಲ್ಲೇ. ಕೈ ಕಡ್ಡಿಯ ಹತ್ತಿರ ಇರಲಿ, ಎತ್ತಬೇಡಿ. ದಾರ ಗುಂಡಿನ ತೂತಿನಲ್ಲಿ ಜಾರುವುದರಿಂದ ಮೀನಿಗೆ ಭಾರ ತಿಳಿಯುವುದಿಲ್ಲ. ಎರೆ ಬಾಯಿಗೆ ಹಾಕಿಕೊಂಡು ಅದು ಸರಿಯತೊಡಗಿದಾಗ ನೀರಿನ ಮೇಲೆ ಬಾಗಿದ್ದ ದಾರ ನಿಧಾನವಾಗಿ ನೆಟ್ಟಗಾಗುತ್ತದೆ, ತುದಿ ಬಾಗಿ ಹಾಗೇ ನಿಲ್ಲುತ್ತದೆ. ಆಗ ಕಡ್ಡಿಯನ್ನು ಮೆಲ್ಲನೆ, ಒಂದೇ ಸಮನೆ ಮೇಲೆತ್ತಿ. ಸಣ್ಣ ಚೂಪು ಕೊಕ್ಕೆಗೆ ಅಷ್ಟು ಸಾಕು.

ರೀಲಿನ ಡ್ರ್ಯಾಗ್ (ದಾರದ ಬಿಗಿ ಹೊಂದಿಸುವ ತಿರುಪು) ಮೊದಲೇ ಸಡಿಲವಾಗಿರಬೇಕು. ಕೈಯಿಂದ ಎಳೆದರೆ ದಾರ ತುಸು ಬಿಗಿಯಾಗಿಯಾದರೂ ಬಿಚ್ಚಿಕೊಂಡು ಬರುವಂತಿರಲಿ. ಮೀನು ಓಡಿದಾಗ ಸುತ್ತಬೇಡಿ, ಓಡಲು ಬಿಡಿ. ನಿಂತಾಗ ಸುತ್ತಿ. ದಡದ ಹತ್ತಿರ ಬಂದು ನಿಮ್ಮನ್ನು ಕಂಡೊಡನೆ ಅದು ಮತ್ತೊಮ್ಮೆ ಜೋರಾಗಿ ಎಳೆಯುತ್ತದೆ. 4 ಪೌಂಡಿನ ದಾರ ಹರಿಯುವುದು ಹೆಚ್ಚಾಗಿ ಇದೇ ಕ್ಷಣದಲ್ಲಿ. ಬಲೆಯನ್ನು ನೀರಿನೊಳಗೆ ಮೊದಲೇ ಹಿಡಿದು, ಮೀನನ್ನು ಅದರ ಮೇಲೆ ತಂದು ಎತ್ತಿ. ಮಕ್ಕಳಿಗೆ ಬಲೆ ಹಿಡಿಯುವ ಕೆಲಸ ಕೊಟ್ಟರೆ ಇಡೀ ದಿನ ಅವರು ಬೇಸರವೆನ್ನುವುದಿಲ್ಲ.

ಹಿಡಿದು ಬಿಡುವ ಆಸೆಯಿದ್ದವರಿಗೆ ಒಂದು ಮಾತು. ಹಿಟ್ಟು, ಹುಳುವಿನ ಎರೆಯನ್ನು ಟ್ರೌಟ್ ಗಂಟಲಿನೊಳಕ್ಕೆ ನುಂಗಿಬಿಡುತ್ತದೆ. ಕೊಕ್ಕೆ ಕಿತ್ತು ಬಿಟ್ಟರೆ ಆ ಮೀನು ಉಳಿಯುವುದು ಕಡಿಮೆ. ಎರೆ ಬಳಸಿದರೆ ಬಂದದ್ದನ್ನು ಇಟ್ಟುಕೊಳ್ಳಿ, 5 ಆದ ಕೂಡಲೇ ನಿಲ್ಲಿಸಿ. ಬಿಡುವುದಾದರೆ ಮಿಂಚುತಗಡಿಗೆ ಹಿಮ್ಮುಳ್ಳು ಚಪ್ಪಟೆ ಮಾಡಿದ ಒಂಟಿ ಕೊಕ್ಕೆ ಹಾಕಿ, ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಿ.

ಶನಿವಾರ, ಭಾನುವಾರ

ಬೆಳಗಿನ ಚಳಿ 4–5 ಡಿಗ್ರಿ ಇರಬಹುದು. ಒಂದು ದಪ್ಪ ಜಾಕೆಟ್ಟಿಗಿಂತ ಮೂರು ತೆಳು ಪದರ ಲೇಸು. ಹತ್ತಿ ಬಟ್ಟೆ ಒದ್ದೆಯಾದರೆ ಒಣಗದು. ಉಣ್ಣೆ ಅಥವಾ ಫ್ಲೀಸ್ ಇರಲಿ, ಮೇಲೆ ಮಳೆ ತಡೆಯುವ ಅಂಗಿ. ಒಂದು ಜೊತೆ ಹೆಚ್ಚುವರಿ ಕಾಲುಚೀಲ, ಬೆರಳ ತುದಿ ತೆರೆದ ಕೈಗವಸು, ಫ್ಲಾಸ್ಕಿನಲ್ಲಿ ಕಾಫಿ. ಊಟಕ್ಕೆ ಪುಳಿಯೋಗರೆ, ಚಪಾತಿ ಸುರುಳಿಯಂಥದ್ದು ಅನುಕೂಲ. ಎರೆ ಮುಟ್ಟಿದ ಕೈಯಲ್ಲಿ ತಿನ್ನಬಾರದಾದ್ದರಿಂದ ಸೋಪು, ನೀರಿನ ಬಾಟಲಿ ಬೇಕೇ ಬೇಕು.

ರಾತ್ರಿ ಉಳಿಯುವ ಉತ್ಸಾಹವಿದ್ದರೆ ಕೆರೆಯ ಮೇಲಿನ ದಿಣ್ಣೆಯಲ್ಲಿ, ನೀಲಗಿರಿ ಮರಗಳ ತೋಪಿನಲ್ಲಿ ಆಂಟನಿ ಶಬೋ ಕ್ಯಾಂಪ್‌ಗ್ರೌಂಡ್ ಇದೆ. ಟೆಂಟಿನ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಮನೆಗೆ ಹೋಗಿ ಮಲಗಿ ಬೆಳಿಗ್ಗೆ ಬರುವವರು ಭಾನುವಾರ ಬೇರೆ ಕೆರೆ ನೋಡಬಹುದು. ಲಿವರ್‌ಮೋರ್ ಬಳಿಯ ಡೆಲ್ ವಾಯೆ, ಪ್ಲೆಸೆಂಟನ್ನಿನ ಶ್ಯಾಡೊ ಕ್ಲಿಫ್ಸ್, ಫ್ರೀಮಾಂಟಿನ ಕ್ವಾರಿ ಲೇಕ್ಸ್ ಇದೇ ಸಂಸ್ಥೆಯವು. ಕ್ವಾರಿ ಲೇಕ್ಸ್ ಹಳೆಯ ಜಲ್ಲಿ ಗಣಿಗಳು ನೀರು ತುಂಬಿ ಆದ ಕೆರೆಗಳು. ಗಾಳದಿಂದ ಬೇಸತ್ತವರು ಅಲ್ಲಿಂದ ಕೂಗಳತೆಯ ನೈಲ್ಸ್ ಪೇಟೆಗೆ ಹೋಗಬಹುದು. 1915ರಲ್ಲಿ ಚಾರ್ಲಿ ಚಾಪ್ಲಿನ್ ‘ದಿ ಟ್ರ್ಯಾಂಪ್’ ಚಿತ್ರ ತೆಗೆದ ಊರದು.

ಹೆಂಚಿನ ಮೇಲೆ

ಹಿಡಿದ ಮೀನಿನ ತಲೆಗೆ ಪೆಟ್ಟು ಕೊಟ್ಟು ಕೂಡಲೇ ಕೊಲ್ಲಿ. ಕಿವಿರು ಕತ್ತರಿಸಿ ರಕ್ತ ಬಸಿದು ಐಸ್ ಪೆಟ್ಟಿಗೆಗೆ ಹಾಕಿ. ಟ್ರೌಟ್‌ನ ಹುರುಪೆ ಎಷ್ಟು ಸಣ್ಣದೆಂದರೆ ಹೆರೆಯುವ ಕೆಲಸವೇ ಇಲ್ಲ. ಹಿಂದಿನ ತೂತಿನಿಂದ ಗದ್ದದವರೆಗೆ ಸೀಳಿ ಕರುಳು ತೆಗೆಯಿರಿ. ಆಮೇಲೆ ಬೆನ್ನೆಲುಬಿನ ಉದ್ದಕ್ಕೂ ಕಪ್ಪು ಕೆಂಪಾಗಿ ಕಾಣುವ ರಕ್ತದ ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ಪೂರ್ತಿ ಕೆರೆದು ತೊಳೆಯಿರಿ. ಕೆರೆಮೀನು ಮಣ್ಣು ವಾಸನೆ ಎಂದು ಮೂಗು ಮುರಿಯುವವರು ಈ ಗೆರೆ ಉಳಿಸಿಕೊಂಡಿರುವುದೇ ಹೆಚ್ಚು. ಮಾಂಸ ಒಮ್ಮೆ ಬಿಳಿ, ಒಮ್ಮೆ ಕಿತ್ತಳೆ ಕಂಡರೆ ಗಾಬರಿ ಬೇಡ. ಅದು ತಿಂದ ಮೇವಿನ ಬಣ್ಣ.

ಬಂಗುಡೆ, ಬೂತಾಯಿಗೆ ಹಚ್ಚುವಷ್ಟು ಖಾರ ಹುಳಿ ಈ ಮೃದು ಮೀನಿಗೆ ಹೆಚ್ಚು. ಬ್ಯಾಡಗಿ ಮೆಣಸಿನ ಪುಡಿ, ಅರಿಸಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ನಿಂಬೆರಸ ಸಾಕು. ಮೈಗೆ ಅಡ್ಡಗೀರು ಹಾಕಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ ಕಾದ ಕಾವಲಿಗೆ ಹಾಕಿ. ಒಂದು ಬದಿಗೆ ನಾಲ್ಕು ನಿಮಿಷ. ಪದೇ ಪದೇ ಮಗುಚಿದರೆ ಮೀನು ಮುರಿಯುತ್ತದೆ. ಸಾರಿಗೆ ಹಾಕುವುದಾದರೆ ಮಸಾಲೆ ಪೂರ್ತಿ ಕುದಿದು ಹಸಿ ವಾಸನೆ ಹೋದ ಮೇಲೆ ತುಂಡು ಬಿಡಿ. ಸಣ್ಣ ಮುಳ್ಳುಗಳಿರುವುದರಿಂದ ಮಕ್ಕಳಿಗೆ ಬಿಡಿಸಿ ಕೊಡಿ.

ತಿನ್ನುವ ಮುನ್ನ ಓದಬೇಕಾದ ಫಲಕ

ಕೆರೆಯ ಬಳಿ ಹಾಕಿರುವ ಆರೋಗ್ಯ ಸೂಚನೆಯ ಫಲಕವನ್ನು ದಾಟಿ ಹೋಗಬೇಡಿ. ಕ್ಯಾಲಿಫೋರ್ನಿಯಾದ ಅನೇಕ ಕೆರೆಗಳ ಮೀನಿನಲ್ಲಿ ಪಾದರಸವಿದೆ. ವರ್ಷಗಟ್ಟಲೆ ಅಲ್ಲೇ ಬೆಳೆದು ಬೇರೆ ಮೀನು ತಿನ್ನುವ ಬಾಸ್‌ನಂಥವುಗಳಲ್ಲಿ ಅದು ಹೆಚ್ಚು, ಈಚೆಗೆ ಬಿಟ್ಟ ಟ್ರೌಟ್‌ನಲ್ಲಿ ಕಡಿಮೆ. ಗರ್ಭಿಣಿಯರು, ಬಾಣಂತಿಯರು, ಮಕ್ಕಳು ಎಷ್ಟು ತಿನ್ನಬಹುದೆಂದು ಫಲಕದಲ್ಲೇ ಬೇರೆಯಾಗಿ ಬರೆದಿರುತ್ತದೆ. ಸ್ಯಾನ್ ಹೊಸೆ ಕಡೆಯವರಿಗೆ ಇದು ಇನ್ನೂ ಮುಖ್ಯ. ಅಲ್ಲಿನ ಆಲ್ಮಡೆನ್, ಗ್ವಾಡಲೂಪೆ ಜಲಾಶಯಗಳ ನೀರು ಹರಿದು ಬರುವುದು ಹಳೆಯ ಪಾದರಸ ಗಣಿಗಳ ನೆಲದಿಂದ. ಅಲ್ಲಿನ ಮೀನನ್ನು ತಿನ್ನಲೇಬಾರದು. ಇನ್ನು ಶಬೋ ಕೆರೆಯಲ್ಲಿ ಆಗಾಗ ವಿಷಕಾರಿ ನೀಲಿಹಸಿರು ಪಾಚಿ ಏಳುತ್ತದೆ. ಆ ಎಚ್ಚರಿಕೆ ಇದ್ದಾಗ ನಾಯಿಯನ್ನು ನೀರಿಗೆ ಬಿಡಬೇಡಿ, ಮೀನಿನ ಒಳಭಾಗ ಪೂರ್ತಿ ತೆಗೆದು ಮನೆಯ ಶುದ್ಧ ನೀರಿನಲ್ಲಿ ತೊಳೆಯಿರಿ.

ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಡುವುದು ಗಾಳಗಾರ ಮಾಡಬಹುದಾದ ಅತ್ಯಂತ ಕೆಟ್ಟ ಕೆಲಸ. ಬಾತುಕೋಳಿ, ನೀರುಕಾಗೆಗಳ ಕಾಲಿಗೆ ಅದು ಸುತ್ತಿಕೊಂಡರೆ ಬಿಡಿಸುವವರಿಲ್ಲ. ಅಂಗೈಯಷ್ಟು ಡಬ್ಬಿಯೊಂದನ್ನು ಕಿಸೆಯಲ್ಲಿಟ್ಟುಕೊಂಡು ನಿಮ್ಮದನ್ನೂ ಬೇರೆಯವರು ಬಿಟ್ಟದ್ದನ್ನೂ ಅದಕ್ಕೆ ತುಂಬಿ. ಮೀನಿನ ಕರುಳನ್ನೂ ನೀರಿಗೆ ಎಸೆಯದೆ ಚೀಲಕ್ಕೆ ಹಾಕಿ ಕಸದ ತೊಟ್ಟಿಗೆ ಹಾಕಿ.

ಮೊದಲ ವಾರಾಂತ್ಯಕ್ಕೇ ಐದು ಮೀನು ಸಿಗುತ್ತದೆಂದು ಹೊರಡಬೇಡಿ. ಮೀನು ಬಿಟ್ಟ ವಾರ ನೋಡಿಕೊಂಡು, ತೆಳು ದಾರ, ಸಣ್ಣ ಕೊಕ್ಕೆ ಕಟ್ಟಿ, ಬೆಳಕು ಹರಿಯುವ ಮುಂಚೆ ಹೋದರೆ ಒಂದೆರಡು ಸಿಗುವ ಸಂಭವ ಚೆನ್ನಾಗಿಯೇ ಇದೆ. ಏಪ್ರಿಲ್ ದಾಟಿ ನೀರು ಬಿಸಿಯೇರಿದರೆ ಈ ಅವಕಾಶ ಮುಂದಿನ ನವೆಂಬರಿಗೆ. ಲೈಸೆನ್ಸನ್ನು ಶುಕ್ರವಾರ ರಾತ್ರಿಯೇ ಮನೆಯಲ್ಲಿ ಕೂತು ಮಾಡಿಸಿಕೊಳ್ಳಿ. ಬೆಳಗಿನ ಚಳಿಯಲ್ಲಿ ಕೆರೆಯ ಬಳಿ ಫೋನಿನಲ್ಲಿ ಅರ್ಜಿ ತುಂಬುತ್ತಾ ನಿಂತರೆ ಮೀನು ಕಚ್ಚುವ ಹೊತ್ತು ಕಳೆದಿರುತ್ತದೆ.